ನೂರು ದ್ರಾಮ್ ಸಾಕು

ಸೋವಿಯತ್ ಒಕ್ಕೂಟ ಒಡೆದ ಮೇಲಿನ ದೇಶಗಳಲ್ಲಿ ಜನ ಆಡಳಿತವನ್ನು ಹೇಗೆ ಎದುರಿಸಿದರು ಅನ್ನೋದೇ ನನ್ನ ಸಂಶೋಧನೆ. ಸದ್ಯ ಅರ್ಮೇನಿಯಾದಲ್ಲಿ ಮುಳುಗಿದ್ದೇನೆ.

2013ರ ಜುಲೈನಲ್ಲಿ ಅಲ್ಲಿನ ರಾಜಧಾನಿ ಯೆರೆವಾನ್‌ನ ನಗರಾಡಳಿತ ಬಸ್ ದರವನ್ನು 100 ದ್ರಾಮ್‌ನಿಂದ (ದ್ರಾಮ್ ಅಂದರೆ ಅಲ್ಲಿನ ಹಣ) 150ಕ್ಕೆ ಏರಿಸಿತು. ಹುಡುಗ ಹುಡುಗಿಯರು ಸ್ಟಾಪ್‌ಗಳಲ್ಲಿ ನಿಂತು, ಹಳೇ ದರವನ್ನಷ್ಟೇ ಕೊಡಿ ಅಂದರು. ಆಗ ಅಲ್ಲಿ ಇಳಿಯುವಾಗ ಡ್ರೈವರ್ ಕೈಗೇ ದುಡ್ಡು ಕೊಡಬೇಕಿತ್ತು. ನೂರರ ನಾಣ್ಯ ಕೊಟ್ಟು ಇಳಿದರೆ ಮುಗೀತು! ಕಾರಿದ್ದವರು ಬಿಟ್ಟಿಯಾಗಿ ಹತ್ತಿಸಿಕೊಂಡರು. ವಾರದೊಳಗೆ ಮೇಯರ್ ಏರಿಕೆಯನ್ನು ತಡೆಹಿಡಿದರು.

2015ರಲ್ಲಿ ಕರೆಂಟ್ ದರದ ಜಗಳ, 2018ರಲ್ಲಿ ಜನರ ಪ್ರತಿಭಟನೆಗೆ ಮಣಿದು ಪ್ರಧಾನಿ ಸರ್ಗ್ಸ್ಯಾನ್ ರಾಜೀನಾಮೆ. ಎಲ್ಲರೂ ಜಾಸ್ತಿ ಬರೆಯೋದು 2018ರ ಬಗ್ಗೆಯೇ. ನನಗೆ ಮಾತ್ರ ಬಸ್ಸಿನ ಕಥೆಯೇ ಇಷ್ಟ. ಆದರೆ ಆ ಡ್ರೈವರ್‌ಗಳ ಪಾಡು? ದಿನದ ಕೊನೆಗೆ ಮಾಲೀಕನಿಗೆ ಲೆಕ್ಕ ಒಪ್ಪಿಸಬೇಕಿದ್ದವರು ಅವರೇ ಅಲ್ವಾ.