ಬೆಟ್ಟ, ಮಳೆ ಮತ್ತು ಚರಂಡಿ

ಮೈಸೂರಿನಲ್ಲಿ ಮಳೆ ಬಿಡದೆ ಸುರಿಯುತ್ತಿರುವಾಗ, 2021ರಲ್ಲಿ ಚಾಮುಂಡಿ ಬೆಟ್ಟದ ನಂದಿ ವಿಗ್ರಹದ ಕಡೆಗೆ ಹೋಗುವ ರಸ್ತೆ ಕುಸಿದದ್ದು ನೆನಪಾಯಿತು. ನಮಗೆ ಅದು ಒಂದು ರಸ್ತೆಯ ಮಾತು. ನೇಪಾಳದ ಬೆಟ್ಟದೂರುಗಳಿಗೆ ಪ್ರತಿ ಮುಂಗಾರೂ ಇದೇ ಭಯ. 2014ರ ಆಗಸ್ಟ್ 2ರಂದು ಸಿಂಧುಪಾಲ್ಚೋಕ್ ಜಿಲ್ಲೆಯ ಜುರೆಯಲ್ಲಿ ಜಾರಿದ ಗುಡ್ಡವು 150ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡು, ಸುನ್‌ಕೋಶಿ ನದಿಗೇ ಅಡ್ಡಗಟ್ಟೆಯಾಗಿ ನಿಂತಿತ್ತು; ಮರುವರ್ಷದ 7.8 ತೀವ್ರತೆಯ ಭೂಕಂಪ ಸಾವಿರಾರು ಇಳಿಜಾರುಗಳನ್ನು ಕುಸಿಯುವಂತೆ ಮಾಡಿತು.

ಮಣ್ಣಿನ ಕಣಗಳ ನಡುವೆ ನೀರು ತುಂಬಿ ಅದರ ಒತ್ತಡ ಏರಿದಂತೆ ಕಣಗಳ ಪರಸ್ಪರ ಹಿಡಿತ ಸಡಿಲಾಗುತ್ತದೆ. ಸಾಲದ್ದಕ್ಕೆ ರಸ್ತೆಗಾಗಿ ಗುಡ್ಡದ ಬುಡವನ್ನೇ ಬುಲ್ಡೋಜರ್‌ನಿಂದ ಕಡಿದರೆ ಮೇಲಿನ ಭಾರಕ್ಕೆ ಆಧಾರವೇ ಇರುವುದಿಲ್ಲ. ನೇಪಾಳದಲ್ಲಿ ತಂತಿಜಾಲರಿಯ ಕಲ್ಲುಗೋಡೆಗಳ ಜೊತೆಗೆ ಪೊರಕೆ ಹುಲ್ಲು, ಬಿದಿರು ನೆಟ್ಟು ರಸ್ತೆಬದಿಯ ಇಳಿಜಾರನ್ನು ಭದ್ರಪಡಿಸುವ ಪದ್ಧತಿ ದಶಕಗಳಿಂದ ಇದೆ. ಆದರೆ ಬೇರುಗಳು ಮೇಲ್ಪದರವನ್ನಷ್ಟೇ ಹಿಡಿಯಬಲ್ಲವು, ಆಳದಿಂದ ಜಾರುವ ಗುಡ್ಡವನ್ನಲ್ಲ. ಗೋಡೆಯ ಹಿಂದೆ ನೀರು ನಿಂತರೆ ಗೋಡೆಯೂ ಉಳಿಯದು. ಆದ್ದರಿಂದ ಮೊದಲ ಹಣ ಚರಂಡಿಗೇ ಹೋಗಬೇಕೆಂಬುದು ನನ್ನ ಅಭಿಪ್ರಾಯ, ಉದ್ಘಾಟನೆಯ ಫಲಕ ನೆಡಲು ಚರಂಡಿಯಲ್ಲಿ ಜಾಗವಿಲ್ಲದಿದ್ದರೂ.