ತೊಡೆಯ ಮೇಲಿನ ಕೈ

ಮೇಷ್ಟರು ನಮ್ಮ ಗೇಟ್ ಲ್ಯಾಬಿನೊಳಗೆ, ಅಂದರೆ ನಡಿಗೆ ಪರೀಕ್ಷಿಸುವ ಕೋಣೆಯೊಳಗೆ, ಬಂದಾಗ ಅವರ ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು. ಕುಳಿತಾಗ ಹೊರಗೆ ಬಂತು, ಎದ್ದೊಡನೆ ಮತ್ತೆ ಜೇಬಿಗೆ ಹೋಯಿತು. ಅದನ್ನು ನಾನು ಗಮನಿಸಿದೆ, ಅಭ್ಯಾಸವಿರಬೇಕು ಎಂದುಕೊಂಡು ಸುಮ್ಮನಾದೆ. ಜನರ ನಡಿಗೆ ನೋಡುವುದೇ ನನ್ನ ಕೆಲಸ. ಆ ಕೈಯನ್ನು ಕಂಡೂ ಅದರ ಅರ್ಥ ತಿಳಿಯದೆ ಹೋದದ್ದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಬಾಲ್ಯದಲ್ಲಿ ಪೋಲಿಯೊ, ಬಲಗಾಲು. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಅದೇ ಕಾಲಿನಲ್ಲಿ ನಡೆದವರು, ತರಗತಿಯಲ್ಲಿ ನಿಂತು ಪಾಠ ಹೇಳಿದವರು. ಅವರು ಬಂದದ್ದು ನಡಿಗೆ ಸರಿಪಡಿಸಿಕೊಳ್ಳಲು ಅಲ್ಲವೇ ಅಲ್ಲ; ಅಂಗಾಲಿನ ಮುಂಭಾಗ ನೋಯುತ್ತದೆ ಎಂದು. ಬೆರಳುಗಳ ಬುಡದಲ್ಲಿ ಚರ್ಮ ಜಡ್ಡುಗಟ್ಟಿತ್ತು. ಬೂಟನ್ನು ತಿರುಗಿಸಿ ನೋಡಿದೆ. ಮುಂದಿನ ತಳ ಸವೆದು ನುಣುಪಾಗಿತ್ತು. ಹಿಮ್ಮಡಿಯ ಕಡೆ ಅಚ್ಚಿನ ಗೆರೆಗಳು ಅಂಗಡಿಯಿಂದ ತಂದ ದಿನದಂತೆಯೇ ಇದ್ದವು. ಮುಂಗಾಲು ಊರಿ ನಡೆಯುತ್ತಾರೆ ಎಂದು ತಿಳಿಯಲು ಕ್ಯಾಮೆರಾ ಬೇಕಿರಲಿಲ್ಲ.

ಆ ದಿನ ಎಲ್ಲವೂ ತಡ. ಕ್ಯಾಲಿಬ್ರೇಶನ್ ಎರಡು ಸಲ ಕೈಕೊಟ್ಟಿತ್ತು. ಸ್ನಾಯುಗಳ ವಿದ್ಯುತ್ ಚಟುವಟಿಕೆ ತೋರಿಸುವ ಇ.ಎಂ.ಜಿ. ಯಂತ್ರ ರಿಪೇರಿಗೆ ಹೋಗಿ ಮೂರು ವಾರವಾಗಿತ್ತು. ಒಬ್ಬ ರೋಗಿಗೆ 45 ನಿಮಿಷ ಎಂದು ಆಡಳಿತದವರು ನಿಗದಿ ಮಾಡಿದ್ದಾರೆ. ಕ್ಯಾಮೆರಾ ಗುರುತಿಸುವ ಮಾರ್ಕರ್‌ಗಳನ್ನು ಮೈಗೆ ಅಂಟಿಸಲು ಎಷ್ಟು ಹೊತ್ತು ಬೇಕು ಎಂದು ಅವರಲ್ಲಿ ಒಬ್ಬರಾದರೂ ಬಂದು ನೋಡಿಲ್ಲ. ಹೊರಗೆ ಇನ್ನೂ ಮೂವರು ಕಾಯುತ್ತಿದ್ದರು. ಎಂ.ಎಂ.ಟಿ. (ಕೈಯಿಂದ ಮಾಡುವ ಸ್ನಾಯುಬಲದ ಪರೀಕ್ಷೆ) ಆಮೇಲೆ ಮಾಡೋಣ, ಮೊದಲು ನಡಿಗೆಯ ಟ್ರಯಲ್ ಮುಗಿಸೋಣ ಎಂದೆ. ಮೊದಲು ಸ್ನಾಯುಬಲ, ಆಮೇಲೆ ಮಾರ್ಕರ್ ಎಂದು ಕಿರಿಯರಿಗೆ ಹೇಳಿಕೊಡುವವಳೂ ನಾನೇ. ಪಾದದ ಕೀಲನ್ನು ಮಾತ್ರ ಕೈಯಿಂದ ಒತ್ತಿ ನೋಡಿದೆ. ಬಿಗಿದಿರಲಿಲ್ಲ, ಸಲೀಸಾಗಿ 90 ಡಿಗ್ರಿಗೆ ಬಂತು. ಮೀನಖಂಡದಲ್ಲಿ ಒಳ್ಳೆಯ ಬಲವೂ ಇತ್ತು. ಇಷ್ಟು ಸಾಕು ಎನ್ನಿಸಿತು.

ಲ್ಯಾಬಿನ ಚಡ್ಡಿ ಹಾಕಿಸಿದ ಮೇಲೆ ಅವರ ಬಲಗೈ ತೊಡೆಯ ಮುಂಭಾಗದ ಮೇಲೆ ಕುಳಿತಿತು. ತೊಡೆಯ ಮಾರ್ಕರ್ ಮರೆಯಾಗುತ್ತಿತ್ತು. "ಮೇಷ್ಟರೇ, ಕೈ ಕಟ್ಟಿಕೊಂಡು ನಡೆಯಿರಿ" ಎಂದೆ. ಮುಂದಕ್ಕೆ ಬಾಗಿ ನೆಲ ನೋಡುತ್ತಿದ್ದರು. "ಬಾಗಬೇಡಿ, ತಲೆ ಎತ್ತಿ ಎದುರಿನ ಗೋಡೆ ನೋಡಿ" ಎಂದೆ. ಎಲ್ಲರಿಗೂ ಹೇಳುವ ಮಾತೇ. ನಿಧಾನವಾಗಿ, ಎಚ್ಚರದಿಂದ, ಆರು ಟ್ರಯಲ್ ನಡೆದುಕೊಟ್ಟರು.

ನಮ್ಮ ಸಾಫ್ಟ್‌ವೇರ್ ಆರೋಗ್ಯವಂತರ ನಡಿಗೆಯನ್ನು ಬೂದು ಪಟ್ಟಿಯಾಗಿ ತೋರಿಸುತ್ತದೆ. ಅದರಾಚೆ ಹೋದ ಗೆರೆಗೆಲ್ಲ ಕೆಂಪು ಬಣ್ಣ. ಮೇಷ್ಟರ ಬಲಗಾಲಿನ ಪುಟ ಪೂರ್ತಿ ಕೆಂಪಾಗಿತ್ತು. ಪಾದ ಕೆಳಮುಖ, ಹಿಮ್ಮಡಿಯ ಸ್ಪರ್ಶವೇ ಇಲ್ಲ. ಕಾಲೂರಿದೊಡನೆ ಮಂಡಿ 15ರಿಂದ 20 ಡಿಗ್ರಿ ಮಡಿಯಬೇಕಾದ ಕಡೆ ಸಪಾಟಾದ ಗೆರೆ. ಮಂಡಿಯನ್ನು ಹಿಡಿದು ನಿಲ್ಲಿಸುವ ಸ್ನಾಯುವಿನ ಪಾಲು, ಕೀಲನ್ನು ತಿರುಗಿಸುವ ಬಲವನ್ನು ತೋರಿಸುವ ಮೊಮೆಂಟ್ ಗ್ರಾಫಿನಲ್ಲಿ ಎಲ್ಲೂ ಕಾಣಲಿಲ್ಲ. ತೊಡೆಯ ಸ್ನಾಯು ಕೆಲಸ ಮಾಡುತ್ತಿಲ್ಲ ಎಂದು ಆ ಗ್ರಾಫ್ ನೇರವಾಗಿಯೇ ಹೇಳುತ್ತಿತ್ತು. ನಾನು ಅದನ್ನು ಇನ್ನೊಂದು ಕೆಂಪು ಗೆರೆ ಎಂದು ಓದಿ ಮುಂದೆ ಹೋದೆ.

ಹಿಂದಿನ ವಾರವಷ್ಟೇ ಫುಟ್ ಡ್ರಾಪ್ (ಪಾದದ ಮುಂಭಾಗ ಎತ್ತಲಾಗದ ಸ್ಥಿತಿ) ಇದ್ದ ಇಬ್ಬರಿಗೆ ಗಟ್ಟಿ ಎ.ಎಫ್.ಒ. (ಪಾದ ಮತ್ತು ಕಣಕಾಲನ್ನು ಹಿಡಿದಿಡುವ ಆಧಾರ ಸಾಧನ) ತೊಡಿಸಿದ್ದೆವು. ನೆಲಕ್ಕೆ ಪಟ್ಟನೆ ಬಡಿಯುತ್ತಿದ್ದ ಪಾದ ಆ ಕ್ಷಣವೇ ಸುಮ್ಮನಾಗಿತ್ತು, ಇಬ್ಬರೂ ನಗುತ್ತಾ ಹೋಗಿದ್ದರು. ಅದೇ ಗುಂಗಿನಲ್ಲಿ ಕಪಾಟಿನಿಂದ ಟ್ರಯಲ್ ಎ.ಎಫ್.ಒ. ತೆಗೆಸಿದೆ. 90 ಡಿಗ್ರಿಯದು. ಹಿಮ್ಮಡಿ ಊರಿದರೆ ಭಾರ ಹಂಚಿಹೋಗುತ್ತದೆ, ಮುಂಗಾಲಿನ ನೋವು ಇಳಿಯುತ್ತದೆ. ಲೆಕ್ಕ ಅಚ್ಚುಕಟ್ಟಾಗಿತ್ತು.

"ಹಿಮ್ಮಡಿ ಮೊದಲು ಊರಿ, ಮೇಷ್ಟರೇ."

ಸೊಂಟಪಟ್ಟಿ ಹಿಡಿದು ಕಿರಿಯ ಸಹೋದ್ಯೋಗಿ ಪಕ್ಕದಲ್ಲಿದ್ದ. ನಾನು ಕಂಪ್ಯೂಟರಿನ ಮುಂದೆ ಇದ್ದೆ. ಎಡಗಾಲು, ಬಲಗಾಲು, ಎಡಗಾಲು. ಮುಂದಿನ ಹೆಜ್ಜೆಗೆ ಬಲ ಹಿಮ್ಮಡಿ, ಹೆಜ್ಜೆಯ ಬಲ ಅಳೆಯುವ ಫೋರ್ಸ್ ಪ್ಲೇಟ್ ಮೇಲೆ ಟಕ್ ಎಂದಿತು. ಪರದೆಯ ಮೇಲಿನ ಕಡ್ಡಿಗೊಂಬೆಯ ಮಂಡಿ ಮಡಿಯುವುದನ್ನು ನಾನು ಕಂಡೆ. ಅದು ನಿಲ್ಲಲಿಲ್ಲ, ಮಡಿಯುತ್ತಲೇ ಹೋಯಿತು. ಮನುಷ್ಯ ಬೀಳುತ್ತಿದ್ದಾನೆ ಎಂದು ಹೊಳೆದದ್ದು ಕಿರಿಯವನ ಕೂಗು ಕೇಳಿದ ಮೇಲೆ. ಓಡಿದೆ. ಅವನು ಪಟ್ಟಿಯನ್ನು ಎರಡೂ ಕೈಯಿಂದ ಎಳೆದು ಹಿಡಿದಿದ್ದ. ಮೇಷ್ಟರ ಮಂಡಿ ನೆಲದಿಂದ ಒಂದು ಗೇಣು ಮೇಲಿತ್ತು. ಅವರ ಎರಡೂ ಕೈಗಳು ನನ್ನ ಹೆಗಲ ಮೇಲೆ ಬಿದ್ದವು. ಆ ಬೆರಳುಗಳ ಬಿಗಿ ನನಗೆ ಇನ್ನೂ ನೆನಪಿದೆ. ಕುರ್ಚಿ ಬರುವವರೆಗೆ ನಾವು ಮೂವರೂ ಹಾಗೆಯೇ ನಿಂತಿದ್ದೆವು. ಯಾರೂ ಮಾತಾಡಲಿಲ್ಲ.

ಪೆಟ್ಟಾಗಿರಲಿಲ್ಲ. ನೀರು ಕುಡಿದು, ಉಸಿರು ಹತೋಟಿಗೆ ಬಂದ ಮೇಲೆ ಅವರು ಮೆಲ್ಲಗೆ ಹೇಳಿದರು: "ಕೈ ತೆಗೆಯಿರಿ ಎಂದಿರಿ, ತೆಗೆದೆ. ಬಾಗಬೇಡಿ ಎಂದಿರಿ, ಬಾಗಲಿಲ್ಲ. ಹಿಮ್ಮಡಿ ಊರಿ ಎಂದಿರಿ, ಊರಿದೆ. ಇನ್ನೇನು ಉಳಿಯಿತು ಮೇಡಂ, ನನ್ನ ಹತ್ತಿರ?"

ಕ್ಷಮೆ ಕೇಳಿದೆ. ಆಮೇಲೆ, ಮೊದಲೇ ಮಾಡಬೇಕಿದ್ದ ಎಂ.ಎಂ.ಟಿ. ಮಾಡಿದೆ. ಮಂಚದ ಅಂಚಿನಲ್ಲಿ ಕೂರಿಸಿ ಮಂಡಿ ನೇರ ಮಾಡಲು ಹೇಳಿದರೆ ಕಾಲು ಮೇಲೇಳಲಿಲ್ಲ. ಮಗ್ಗುಲಾಗಿ ಮಲಗಿಸಿದಾಗ ಮಾತ್ರ ಸರಿಯಿತು. ಕ್ವಾಡ್ರಿಸೆಪ್ಸ್, ಅಂದರೆ ತೊಡೆಯ ಮುಂಭಾಗದ ಸ್ನಾಯು, ಐದರಲ್ಲಿ ಗ್ರೇಡ್ 2; ಕಾಲಿನ ಭಾರವನ್ನೇ ಎತ್ತಲಾರದಷ್ಟು ದುರ್ಬಲ.

ನಡಿಗೆಯ ಒಂದು ಆವರ್ತದಲ್ಲಿ ಕಾಲು ನೆಲದ ಮೇಲಿರುವುದು ಸುಮಾರು ಶೇ. 60 ಭಾಗ. ಆವರ್ತದ ಮೊದಲ ಶೇ. 12ರಷ್ಟೇ, ಅಂದರೆ ಸೆಕೆಂಡಿನ ಹತ್ತನೆಯ ಒಂದು ಪಾಲಿನಷ್ಟೇ, ಅಪಾಯದ ಗಳಿಗೆ. ಹಿಮ್ಮಡಿ ಊರಿದಾಗ ಪಾದ ನೆಲಕ್ಕೆ ಇಳಿಯುತ್ತದೆ, ಮೊಣಕಾಲಿನ ಕೆಳಗಿನ ಭಾಗ ಮುಂದಕ್ಕೆ ಉರುಳುತ್ತದೆ, ನೆಲದ ಪ್ರತಿಬಲದ (ನೆಲ ಕಾಲನ್ನು ಮರಳಿ ಒತ್ತುವ ಬಲದ) ರೇಖೆ ಮಂಡಿಯ ಹಿಂದೆ ಹಾದು ಅದನ್ನು ಮಡಿಸಲು ನೋಡುತ್ತದೆ. ಕ್ವಾಡ್ರಿಸೆಪ್ಸ್ ಅದಕ್ಕೆ ಲಗಾಮು ಹಾಕುತ್ತದೆ. ಗಟ್ಟಿ ಎ.ಎಫ್.ಒ. ತೊಟ್ಟರೆ ಪಾದ ತಾನಾಗಿ ಇಳಿಯಲಾರದು. ಇಳಿಯುವಾಗ ಮೊಣಕಾಲಿನ ಕೆಳಭಾಗವನ್ನೂ ಜೊತೆಗೆ ಮುಂದಕ್ಕೆ ಎಳೆಯುತ್ತದೆ. ಮಂಡಿ ಇನ್ನಷ್ಟು ರಭಸದಿಂದ ಮಡಿಯುತ್ತದೆ. ಹಿಂದಿನ ವಾರದ ಇಬ್ಬರಿಗೂ ತೊಡೆ ಗಟ್ಟಿಯಿತ್ತು, ತಡೆದುಕೊಂಡರು.

ಮೇಷ್ಟರ ಕಾಲಿಗೆ ಲಗಾಮೇ ಇರಲಿಲ್ಲ. ಅದಕ್ಕೇ ಅವರ ದೇಹ ಆ ಗಳಿಗೆಯನ್ನೇ ತಪ್ಪಿಸಿತ್ತು. ಮುಂಗಾಲು ಮೊದಲು ಊರಿದರೆ ಮೀನಖಂಡದ ಬಲ ಮಂಡಿಯನ್ನು ಹಿಂದಕ್ಕೆ ಒತ್ತಿ ಹಿಡಿಯುತ್ತದೆ. ಮೈ ಮುಂದಕ್ಕೆ ಬಾಗಿದರೆ ಪ್ರತಿಬಲದ ರೇಖೆ ಮಂಡಿಯ ಮುಂದೆ ಬೀಳುತ್ತದೆ. ಅದೂ ಸಾಲದಿದ್ದರೆ ಕೈ ಇದೆ, ಜೇಬಿನೊಳಗಿಂದ ತೊಡೆಯನ್ನು ಹಿಂದಕ್ಕೆ ತಳ್ಳಲು. ನೋಡುವವರಿಗೆ ಜೇಬಿನಲ್ಲಿಟ್ಟ ಕೈ ಅಷ್ಟೇ. ಯಾರೂ ಹೇಳಿಕೊಡದೆ ಒಬ್ಬ ಹುಡುಗ ಇಷ್ಟನ್ನೂ ಕಂಡುಕೊಂಡಿದ್ದ. ನಾನು ಅರ್ಧ ಗಂಟೆಯಲ್ಲಿ ಒಂದೊಂದಾಗಿ ಕಳಚಿಹಾಕಿದೆ. ನಡಿಗೆಯನ್ನು ಹಂತ ಹಂತವಾಗಿ ಓದುವ ನಮ್ಮ ಕ್ರಮಕ್ಕೆ ರೂಪ ಕೊಟ್ಟವರಲ್ಲಿ ಮೊದಲಿಗರಾದ ಅಮೆರಿಕದ ವೈದ್ಯೆ ಜಾಕ್ವೆಲಿನ್ ಪೆರಿ ಪೋಲಿಯೊ ರೋಗಿಗಳ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವರು ಎಂಬುದು ಆ ರಾತ್ರಿ ನೆನಪಾಗಿ ನಿದ್ದೆ ಹತ್ತಲಿಲ್ಲ.

ಸೊಂಟದ ಕೀಲು ಸವೆದವರು ನೋವಿರುವ ಕಡೆಗೇ ಮೈ ವಾಲಿಸಿ ನಡೆಯುವುದೂ ಇಂಥದ್ದೇ. ಸಾಮಾನ್ಯ ನಡಿಗೆಯಲ್ಲಿ ಆ ಕೀಲಿನ ಮೇಲೆ ದೇಹತೂಕದ ಸುಮಾರು ಎರಡೂವರೆ ಪಟ್ಟು ಹೊರೆ ಬೀಳುತ್ತದೆ. ವಾಲಿದರೆ ಅದು ಇಳಿಯುತ್ತದೆ. "ನೆಟ್ಟಗೆ ನಡೆಯಿರಿ" ಎಂದು ಗದರುವುದಕ್ಕಿಂತ ಎದುರು ಕೈಗೆ ಊರುಗೋಲು ಕೊಡುವುದು ಮೇಲು. ಹಾಗೆಂದು ಪ್ರತಿ ವಕ್ರತೆಯೂ ಉಪಾಯವಲ್ಲ. ಪಾರ್ಕಿನ್ಸನ್ ರೋಗಿ ಬಾಗಿಲ ಬಳಿ ಅಂಟಿಕೊಂಡಂತೆ ನಿಂತುಬಿಡುವುದು ಯಾವುದನ್ನೂ ಕಾಪಾಡುವುದಿಲ್ಲ. ನೆಲದ ಮೇಲೆ ಅಡ್ಡಗೆರೆ ಎಳೆದು ದಾಟಿಸಬೇಕು. ಎರಡನ್ನೂ ಬೇರೆ ಮಾಡಿ ನೋಡುವುದಕ್ಕೇ ನಾವಿರುವುದು. ಸಾಫ್ಟ್‌ವೇರಿಗೆ ಎರಡೂ ಕೆಂಪು. ವರದಿಯಲ್ಲಿ ಅದಕ್ಕೊಂದು ಕಲಂ ಬೇಕೆಂದು ಮೂರು ಸಲ ಬರೆದುಕೊಟ್ಟೆ. ಮುಂದಿನ ಅಪ್‌ಡೇಟ್‌ನಲ್ಲಿ ನೋಡೋಣ ಎಂದರು. ಅಲ್ಲಿಯವರೆಗೆ ಅಂಚಿನಲ್ಲಿ ಪೆನ್ನಿನಿಂದ ಬರೆಯುತ್ತಿದ್ದೇನೆ. ಎಂ.ಎಂ.ಟಿ. ಹಾಳೆ ಮೇಜಿಗೆ ಬರದೆ ಮಾರ್ಕರ್ ಡಬ್ಬಿ ತೆರೆಯುವುದಿಲ್ಲ. 45 ನಿಮಿಷ ಮೀರಿದರೆ ಮೀರಲಿ. ಮೊದಲ ಎರಡು ಟ್ರಯಲ್‌ಗಳಲ್ಲಿ ರೋಗಿ ತನಗೆ ತೋಚಿದಂತೆ ನಡೆಯಲಿ, ಮಾರ್ಕರ್ ಮರೆಯಾದರೂ ಸರಿ.

ಮೇಷ್ಟರು ಮುಂದಿನ ವಾರ ಮತ್ತೆ ಬಂದರು. ಬರುತ್ತಾರೆಂಬ ನಂಬಿಕೆ ನನಗಿರಲಿಲ್ಲ. ಇಂಥ ಆಧಾರ ಸಾಧನಗಳನ್ನು ಮಾಡುವ ಆರ್ಥೋಟಿಸ್ಟ್ ಮುಂಗಾಲಿಗೆ ಮೆತ್ತನೆಯ ಇನ್‌ಸೋಲ್ ಮಾಡಿದ್ದರು. ಹಿಮ್ಮಡಿಯ ಕೆಳಗಿನ ಖಾಲಿ ಜಾಗಕ್ಕೆ ತೆಳುವಾದ ಪದರಗಳನ್ನು ಒಂದೊಂದಾಗಿ ಸೇರಿಸುತ್ತಾ ಬಂದೆವು. ಪ್ರತಿ ಪದರಕ್ಕೂ ಒಂದು ಸುತ್ತು ನಡಿಗೆ. ಈ ಸಲ ಸೊಂಟಪಟ್ಟಿ ನನ್ನ ಕೈಯಲ್ಲಿತ್ತು, ಪರದೆ ನನ್ನ ಬೆನ್ನಿಗಿತ್ತು. ಒಂದನೆಯದಕ್ಕೆ ಏನೂ ಆಗಲಿಲ್ಲ. ಎರಡನೆಯದಕ್ಕೆ "ಮುಂದೆ ಒತ್ತುವುದು ಕಡಿಮೆ" ಎಂದರು. ಮೂರನೆಯದನ್ನು ಇಟ್ಟು ಎರಡು ಹೆಜ್ಜೆ ಹಾಕಿದರು. ಬಲಗೈ ತಾನಾಗಿ ತೊಡೆಗೆ ಹೋಯಿತು.

ಮೂರನೆಯ ಪದರವನ್ನು ತೆಗೆದುಬಿಟ್ಟೆವು.