700 ಮೀಟರ್ ದಾರಿಯಲ್ಲಿ 18 ಮಿಲಿಮೀಟರ್ ಹೆಜ್ಜೆ

ಜಪಾನಿನ ಹರಿಮಾ ವಿಜ್ಞಾನ ನಗರಕ್ಕೆ ಹೋಗಲು ಶಿಂಕಾನ್ಸೆನ್ ಬುಲೆಟ್ ರೈಲಿನಿಂದ ಐಓಯಿಯಲ್ಲಿ ಇಳಿದು ಬಸ್ಸು ಹಿಡಿಯಬೇಕು. ಅತಿವೇಗದ ನೊಜೋಮಿ ರೈಲು ಅಲ್ಲಿ ನಿಲ್ಲುವುದಿಲ್ಲ. ಶಿನ್-ಓಸಾಕಾದಲ್ಲಿ ಅವಸರಕ್ಕೆ ಅದನ್ನೇ ಹತ್ತಿದರೆ ಒಕಾಯಾಮಾದ ತನಕ ಹೋಗಿ ಹಿಂದಿರುಗಬೇಕಾದೀತು. ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ಕೊಡಾಮಾ ನೋಡಿಯೇ ಹತ್ತಿ.

ವೇಗದ ಎಲೆಕ್ಟ್ರಾನ್‌ಗಳಿಂದ ಎಕ್ಸ್-ರೇ ಲೇಸರ್ ಹೊಮ್ಮಿಸುವ, 2011ರಲ್ಲಿ ಮೊದಲು ಲೇಸರ್ ಕೊಟ್ಟ ಯಂತ್ರ 'ಸಾಕ್ಲಾ' ಇರುವುದು ಇಲ್ಲೇ. ಒಟ್ಟು ಉದ್ದ ಸುಮಾರು 700 ಮೀಟರ್. ಇದೇ ಬಗೆಯ, ಜರ್ಮನಿಯ ಯುರೋಪಿಯನ್ ಎಕ್ಸ್‌ಫೆಲ್‌ಗೆ 3.4 ಕಿಲೋಮೀಟರ್ ಬೇಕಾಯಿತು. 5712 ಮೆಗಾಹರ್ಟ್ಸ್ ರೇಡಿಯೋ ಅಲೆ ತುಂಬಿದ ತಾಮ್ರದ ಕೊಳವೆಗಳು ಎಲೆಕ್ಟ್ರಾನ್‌ಗಳನ್ನು 8 ಜಿಇವಿ (800 ಕೋಟಿ ಎಲೆಕ್ಟ್ರಾನ್-ವೋಲ್ಟ್) ಶಕ್ತಿಗೆ ಏರಿಸುತ್ತವೆ. ಆ ಭಾಗವನ್ನು ಬೇಗ ದಾಟಬಹುದು. ಕಾಲು ನಿಲ್ಲುವುದು ಎಲೆಕ್ಟ್ರಾನ್‌ಗಳನ್ನು ಅತ್ತಿತ್ತ ಓಲಾಡಿಸಿ ಎಕ್ಸ್-ರೇ ಹೊಮ್ಮಿಸುವ ಕಾಂತಸಾಲುಗಳಾದ ಅಂಡ್ಯುಲೇಟರ್‌ಗಳ ಮುಂದೆ.

ಒಂದೊಂದೂ ಸುಮಾರು 5 ಮೀಟರ್ ಉದ್ದ. ನಿರ್ವಾತ ಕೊಠಡಿಯೊಳಗೇ ಎದುರುಬದುರಾಗಿ ಎರಡು ಕಾಂತಸಾಲು. ಉತ್ತರ-ದಕ್ಷಿಣಗಳ ಸರದಿ 18 ಮಿಲಿಮೀಟರ್‌ಗೊಮ್ಮೆ ಮರಳುತ್ತದೆ. ಈ ದೂರವನ್ನು 'ಅವಧಿ' ಎನ್ನುತ್ತಾರೆ; ಅದು ಕಿರಿದಾದಷ್ಟೂ ಅದೇ ತರಂಗಾಂತರಕ್ಕೆ ಕಡಿಮೆ ಶಕ್ತಿಯ ಎಲೆಕ್ಟ್ರಾನ್ ಸಾಕು, ಯಂತ್ರವೂ ಗಿಡ್ಡ. ಆದರೆ ಅವಧಿ ಕಿರಿದಾದರೆ, ಸಾಲುಗಳ ನಡುವಿನ ಅಂತರ ಹೆಚ್ಚಿದಂತೆ ಕಾಂತಕ್ಷೇತ್ರ ಬೇಗ ಸೊರಗುತ್ತದೆ. 18 ಮಿಲಿಮೀಟರ್ ಅವಧಿಯಲ್ಲಿ ಸಾಲುಗಳ ನಡುವಿನ ಅಂತರ 1 ಮಿಲಿಮೀಟರ್ ಹೆಚ್ಚಿದರೆ ಕ್ಷೇತ್ರದಲ್ಲಿ ಸುಮಾರು 16 ಶೇಕಡ ನಷ್ಟ. ಸಾಲುಗಳ ನಡುವೆ ಬೇರೆ ನಿರ್ವಾತ ಕೊಳವೆ ಇಟ್ಟರೆ ಅದರ ಗೋಡೆ ತಿನ್ನುವ ಜಾಗವನ್ನೂ ಉಳಿಸಲೆಂದೇ ಕಾಂತಗಳನ್ನು ನಿರ್ವಾತದೊಳಗೆ ಇಟ್ಟಿದ್ದಾರೆ. ಇಡೀ ಯಂತ್ರದಲ್ಲಿ ನಿಜವಾಗಿ ಮೆಚ್ಚಬೇಕಾದ ನಿರ್ಧಾರ ಇದು.

ಅದರ ಬೆಲೆ ತೆರುವುದು ಕಾಂತವೇ. ನಿಯೋಡಿಮಿಯಮ್-ಕಬ್ಬಿಣ-ಬೋರಾನ್ ಅತಿ ಬಲಶಾಲಿ. ಆದರೆ ನಿರ್ವಾತಕ್ಕಾಗಿ ಕೊಠಡಿಯನ್ನು ಬಿಸಿಮಾಡುವಾಗ ಕಾಂತತ್ವ ಕಳೆದುಕೊಳ್ಳದಂತೆ ಹೆಚ್ಚು ಕೋಅರ್ಸಿವಿಟಿಯ (ಕಾಂತತ್ವ ಬಿಟ್ಟುಕೊಡದ ಗುಣದ) ದರ್ಜೆಯೇ ಬೇಕು, ಅದರಲ್ಲಿ ಬಲ ತುಸು ಕಡಿಮೆ. ದಾರಿ ತಪ್ಪಿದ ಎಲೆಕ್ಟ್ರಾನ್‌ಗಳ ಹೊಡೆತದಿಂದಲೂ ಕಾಂತತ್ವ ಕುಗ್ಗುತ್ತದೆ. ಸಮೇರಿಯಮ್-ಕೋಬಾಲ್ಟ್ ಎರಡನ್ನೂ ಚೆನ್ನಾಗಿ ತಾಳುತ್ತದೆ, ಬಲ ಮಾತ್ರ ಇನ್ನೂ ಕಡಿಮೆ. ನಿಯೋಡಿಮಿಯಮ್ ಕಾಂತ ಒಂದು ಡಿಗ್ರಿ ಬಿಸಿಯಾದರೆ ಸುಮಾರು 0.1 ಶೇಕಡ ಕ್ಷೇತ್ರ ಇಳಿಯುತ್ತದೆ. ಇಲ್ಲಿ ಹತ್ತು ಸಾವಿರದಲ್ಲಿ ಒಂದು ಪಾಲಿನ ವ್ಯತ್ಯಾಸವೂ ಲೆಕ್ಕಕ್ಕೆ ಬರುವುದರಿಂದ ಉಷ್ಣತೆಯನ್ನು ಡಿಗ್ರಿಯ ಹತ್ತನೇ ಒಂದಂಶದೊಳಗೆ ಹಿಡಿದಿಡಬೇಕು. ತಂಪು ಮಾಡಿದರೆ ಬಲ ಏರುತ್ತದೆ ನಿಜ, ಆದರೆ ಸುಮಾರು 140 ಕೆಲ್ವಿನ್ (ಮೈನಸ್ 133 ಡಿಗ್ರಿ ಸೆಲ್ಸಿಯಸ್) ಕೆಳಗೆ ನಿಯೋಡಿಮಿಯಮ್ ಕಾಂತದ ಸ್ಪಿನ್‌ಗಳ, ಅಂದರೆ ಒಳಗಿನ ಪುಟ್ಟ ಪರಮಾಣು ಕಾಂತಗಳ, ದಿಕ್ಕು ವಾಲಿ ಲಾಭ ಕರಗುತ್ತದೆ. ದ್ರವ ಸಾರಜನಕದ ಚಳಿಗೆ ಪ್ರೇಸಿಯೋಡಿಮಿಯಮ್ ಸೇರಿದ ಕಾಂತವೇ ಸರಿ.

ಜೋಡಣೆಗೆ ಕಬ್ಬಿಣದ ಸ್ಪ್ಯಾನರ್ ಬೇಡ, ಹಿತ್ತಾಳೆ ಅಥವಾ ಟೈಟಾನಿಯಮ್ ಇರಲಿ. ಅಚಾನಕ್ಕಾಗಿ ಅಂಟಿಕೊಂಡ ಎರಡು ತುಂಡುಗಳ ಅಂಚು ಚಕ್ಕೆಯೆದ್ದರೆ ಮೇಲಿನ ಲೇಪ ಕಿತ್ತುಹೋಗುತ್ತದೆ, ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ, ನಿರ್ವಾತ ಕೆಡುತ್ತದೆ.

ಸಾಲು ಮುಗಿದಲ್ಲಿ ಇನ್ನೊಂದು ಕಾಂತ ಎಲೆಕ್ಟ್ರಾನ್‌ಗಳನ್ನು ಬಾಗಿಸಿ, ಅವುಗಳನ್ನು ಹೀರಿಕೊಳ್ಳುವ ಡಂಪ್‌ಗೆ ಕಳಿಸುತ್ತದೆ. ಎಕ್ಸ್-ರೇ ಮಾತ್ರ ನೇರವಾಗಿ ಪ್ರಯೋಗ ಕೊಠಡಿಗೆ ಹೋಗುತ್ತದೆ.